ಮನೆಯವರು ಎಷ್ಟು ಜನ?

“ಒಬ್ಬ ರೈತನನ್ನು ಒಬ್ಬರು ಒಂದು ಪ್ರಶ್ನೆ ಕೇಳಿದರು. ಕೇಳಿದ್ದು ಸರಿಯಾದ ಪ್ರಶ್ನೆ. ರೈತ ಕೊಟ್ಟದ್ದು ಸರಿಯಾದ ಉತ್ತರ. ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಆಮೇಲೆ ಏನಾಯಿತು, ಊಹಿಸು ನೋಡೋಣ” ಎಂದರು ಗುರುಗಳು.

ಅವರು ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಆಗಷ್ಟೇ ಶಿಷ್ಯ ಅವರ ಎದುರು ಬಂದು ಕುಳಿತು, “ಗುರುಗಳೇ, ನಾನು ವ್ರತ ಹಿಡಿದು ಇವತ್ತಿಗೆ ಒಂದು ವರ್ಷ. ಒಂದೇ ಒಂದು ಸುಳ್ಳು ಹೇಳಿಲ್ಲ. ಬಾಯಿಂದ ಸುಳ್ಳು ಬಾರದಿದ್ದರೆ ಮಾತಿನ ಪಾಪ ತಟ್ಟುವುದಿಲ್ಲ ತಾನೆ?” ಎಂದಿದ್ದ. ಕೇಳಿದ ರೀತಿ ಹೇಗಿತ್ತೆಂದರೆ, ಅವನಿಗೆ ಉತ್ತರ ಬೇಕಾಗಿರಲಿಲ್ಲ, ಶಭಾಷ್ ಬೇಕಾಗಿತ್ತು.

ಶಿಷ್ಯ ಊಹಿಸಿದ. “ಕೇಳಿದವರಿಗೆ ಸಂತೋಷವಾಯಿತು. ರೈತನಿಗೆ ಏನಾದರೂ ಬಹುಮಾನ ಕೊಟ್ಟರು.”

“ಸಂತೋಷವಾಯಿತು, ಅದು ಸರಿ. ಬಹುಮಾನ ಇಲ್ಲ. ಇನ್ನೊಂದು ಸಲ ನೋಡು.”

“ನಿಜ ಹೇಳಿದ್ದಕ್ಕೆ ಊರವರೆಲ್ಲ ಸೇರಿ ರೈತನನ್ನೇ ಹೊಡೆದರು.”

“ನೀನು ಹರಿಕತೆ ಬಹಳ ಕೇಳಿದ್ದೀಯಪ್ಪ” ಎಂದು ಗುರುಗಳು ನಕ್ಕರು. “ಯಾರೂ ಯಾರನ್ನೂ ಹೊಡೆಯಲಿಲ್ಲ. ಕತೆಯಲ್ಲಿ ಇರುವವರೆಲ್ಲ ಒಳ್ಳೆಯವರೇ. ಈ ಕತೆಯ ಕಷ್ಟವೇ ಅದು. ಕೇಳು.”

ಹಾಗೆಂದು ಗುರುಗಳು ಹೇಳತೊಡಗಿದರು.

ಒಂದು ಗುಡ್ಡ. ಗುಡ್ಡದ ಬುಡದಲ್ಲಿ ಒಂದು ಹಳ್ಳಿ. ಹಳ್ಳಿಯ ಮೇಲಿನ ತುದಿಯ ಮನೆ ಒಬ್ಬ ರೈತನದು. ಅವನ ಜಮೀನು ಮನೆಯಿಂದ ಕೆಳಗೆ, ಹಳ್ಳದ ಪಕ್ಕದಲ್ಲಿತ್ತು. ಮನೆಯಲ್ಲಿ ಅವನ ತಾಯಿ, ಹೆಂಡತಿ, ತಮ್ಮ, ತಮ್ಮನ ಹೆಂಡತಿ, ತಮ್ಮನ ಮಗಳು. ರೈತನನ್ನು ಸೇರಿಸಿಕೊಂಡರೆ ಆರು ಜನ. ಮನೆಯ ಹಿಂದೆ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಎರಡು ಎಮ್ಮೆ. ಎಮ್ಮೆಗಳ ಜೊತೆ ಒಬ್ಬ ಆಳು.

ಆಳಿನ ಹೆಸರು ಚೆಲುವ. ಮೀಸೆ ಚಿಗುರುವ ವಯಸ್ಸಿನಲ್ಲಿ ಕೆಳಕೇರಿಯಿಂದ ಬಂದವನು, ಈಗ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಅವನಿಗೆ ಹೆಂಡತಿ ಮಕ್ಕಳಿಲ್ಲ. ಊಟ ಕೊಟ್ಟಿಗೆಯ ಕಟ್ಟೆಯ ಮೇಲೆ, ತನ್ನದೇ ತಟ್ಟೆಯಲ್ಲಿ. ಮಲಗುವುದು ಕೊಟ್ಟಿಗೆಯ ಮೂಲೆಯಲ್ಲಿ. ರೈತ ಅವನನ್ನು ಒಂದು ದಿನವೂ ಗದರಿದವನಲ್ಲ. ಮಳೆಯಲ್ಲಿ ಬದು ಕಟ್ಟಬೇಕಾದಾಗ, ಹೊತ್ತಲ್ಲದ ಹೊತ್ತಿನಲ್ಲಿ ಎಮ್ಮೆ ಈಯುವಾಗ, “ನೀನೇನು ಹೊರಗಿನವನಾ ಚೆಲುವ?” ಎನ್ನುತ್ತಿದ್ದ. ಅದನ್ನು ಅವನು ಪ್ರೀತಿಯಿಂದಲೇ ಹೇಳುತ್ತಿದ್ದ. ಚೆಲುವನೂ ಪ್ರೀತಿಯಿಂದಲೇ ಎದ್ದು ಹೋಗುತ್ತಿದ್ದ. ಇಲ್ಲಿ ಯಾರ ಮೇಲೂ ತಪ್ಪು ಹೊರಿಸಬೇಡ, ಅವಸರ ಮಾಡಬೇಡ.

ಆ ವರ್ಷ ನಾಲ್ಕು ದಿನ ಬಿಡದೆ ಮಳೆ ಹೊಯ್ಯಿತು. ಐದನೆಯ ದಿನ ಶುಕ್ರವಾರ. ಬೆಳಿಗ್ಗೆ ಹಳ್ಳದ ನೀರು ಕೆಂಪಗೆ ಗಂಜಿಯಂತೆ ಗಟ್ಟಿಯಾಗಿ ಹರಿಯುತ್ತಿತ್ತು. ಪೈರು ಕೊಚ್ಚಿಹೋದೀತೆಂದು ರೈತ ಗುದ್ದಲಿ ಹಿಡಿದು ಗದ್ದೆಗೆ ಹೋದ. ಮನೆಯವರು ಒಳಗೆ ಒಲೆಯ ಮುಂದೆ ಕುಳಿತಿದ್ದರು. ಚೆಲುವ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ. ಆ ಹೊತ್ತಿಗೆ ಅವನು ಬೇರೆ ಎಲ್ಲಿಯೂ ಇರುತ್ತಿರಲಿಲ್ಲ.

ಏಳು ಗಂಟೆಗೆ ಗುಡ್ಡ ಜಾರಿತು. ಕಲ್ಲು, ಮರ, ಕೆಸರು ಎಲ್ಲ ಒಂದಾಗಿ ಬಂದವು. ರೈತ ಗದ್ದೆಯಿಂದ ತಲೆಯೆತ್ತಿ ನೋಡಿದಾಗ ಅವನ ಮನೆ ಇದ್ದ ಜಾಗದಲ್ಲಿ ಮನೆ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರಕ್ಷಣಾ ಪಡೆಯವರು ಬಂದರು. ಜೆಸಿಬಿ ತಂದಿದ್ದರು, ವಾಸನೆ ಹಿಡಿಯುವ ನಾಯಿ ತಂದಿದ್ದರು. ಅವರು ಹಿಂದಿನ ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ. ಪಡೆಯ ನಾಯಕ ಕೈಯಲ್ಲಿ ಒಂದು ಪಟ್ಟಿ ಹಿಡಿದು ರೈತನ ಹತ್ತಿರ ಬಂದ.

“ಯಜಮಾನ್ರೇ, ಮನೆಯವರು ಎಷ್ಟು ಜನ?”

“ಆರು ಜನ ಸ್ವಾಮಿ. ನಾನು ಇಲ್ಲಿದ್ದೀನಿ. ಒಳಗೆ ಐದು.”

“ಸರಿಯಾಗಿ ನೋಡಿ ಹೇಳಿ. ಐದು ಜನ ಸಿಕ್ಕಿದ ತಕ್ಷಣ ನಾವು ಹೊರಡ್ತೀವಿ. ಕೆಳಗಿನ ಊರಲ್ಲಿ ಇನ್ನೂ ಹನ್ನೆರಡು ಮನೆ ಮುಚ್ಚಿಹೋಗಿವೆ.”

ರೈತ ಬೆರಳು ಮಡಚಿದ. ಅವ್ವ. ಹೆಂಡತಿ. ತಮ್ಮ. ತಮ್ಮನ ಹೆಂಡತಿ. ಮಗು. ಅಲ್ಲಿಗೆ ಮುಷ್ಟಿ ಮುಚ್ಚಿತು.

“ಐದೇ ಸ್ವಾಮಿ.”

ನಾಯಕ ಪಟ್ಟಿಯಲ್ಲಿ ಐದು ಎಂದು ಬರೆದು ರೈತನ ರುಜು ಹಾಕಿಸಿಕೊಂಡ.

ಶಿಷ್ಯನಿಗೆ ಇಲ್ಲಿ ತಡೆಯಲಾಗಲಿಲ್ಲ. “ಗುರುಗಳೇ, ಚೆಲುವ? ಅವನು ರೈತನಿಗೆ ನೆನಪಾಗಲಿಲ್ಲವೇ?”

“ನೆನಪಾಗಬೇಕಾದರೆ ಮೊದಲು ಮರೆತಿರಬೇಕು. ರೈತ ಅವನನ್ನು ಮರೆತಿರಲಿಲ್ಲ. ಅವರು ಕೇಳಿದ್ದು ಮನೆಯವರು ಎಷ್ಟು ಜನ ಎಂದು. ಇವನು ಹೇಳಿದ್ದು ಮನೆಯವರನ್ನು. ಮುಂದೆ ಕೇಳು.”

ಪಡೆಯವರು ಅಗೆದರು. ತೊಲೆಯೊಂದು ಅಡ್ಡ ಬಿದ್ದು ಗೋಡೆಗೆ ಆನಿಕೊಂಡಿದ್ದರಿಂದ ಒಳಗೆ ಉಸಿರಿಗೆ ಜಾಗ ಉಳಿದಿತ್ತು. ಮೊದಲು ಮಗು ಸಿಕ್ಕಿತು. ಆಮೇಲೆ ತಮ್ಮನ ಹೆಂಡತಿ, ತಮ್ಮ, ರೈತನ ಹೆಂಡತಿ. ನಾಲ್ವರಿಗೂ ಜೀವ ಇತ್ತು. ಕೊನೆಯಲ್ಲಿ ಮುದುಕಿಯನ್ನು ಎತ್ತಿ ಹೊರಗಿಟ್ಟರು. ಅವಳ ಕಾಲು ಮುರಿದಿತ್ತು. ಕಣ್ಣು ಬಿಟ್ಟವಳೇ, “ನನ್ನ ಎಲೆಅಡಿಕೆ ಚೀಲ ಎಲ್ಲೋ?” ಎಂದಳು. ಕೆಸರು ಮೆತ್ತಿಕೊಂಡು ನಿಂತಿದ್ದ ಜನವೆಲ್ಲ ನಕ್ಕುಬಿಟ್ಟಿತು. ನಾಯಕನೂ ನಕ್ಕ. ಎರಡು ದಿನದಲ್ಲಿ ಅವನು ಎಲ್ಲರನ್ನೂ ಜೀವಂತ ತೆಗೆದ ಮೊದಲ ಮನೆ ಅದು. ರೈತ ಅವನ ಕಾಲಿಗೆ ಬಿದ್ದ. ನಾಯಕ ಅವನನ್ನು ಎಬ್ಬಿಸಿ ಅಪ್ಪಿಕೊಂಡ. ಇಬ್ಬರೂ ಅತ್ತರು.

ಅಷ್ಟು ಹೊತ್ತೂ ನಾಯಿ ಮನೆಯ ಹಿಂದೆ ನಿಂತು ಬೊಗಳುತ್ತಿತ್ತು.

“ಅಲ್ಲೇನಿದೆ?” ಎಂದು ನಾಯಕ ಕೇಳಿದ.

“ಕೊಟ್ಟಿಗೆ ಸ್ವಾಮಿ. ಎರಡು ಎಮ್ಮೆ ಇದ್ವು.”

ಇದೂ ನಿಜವೇ. ನಾಯಕ ನಾಯಿಯ ಹಗ್ಗ ಎಳೆದ. “ಬಾರೋ, ಎಮ್ಮೆ ಆಮೇಲೆ. ಕೆಳಗೆ ಜನ ಇದ್ದಾರೆ.” ನಾಯಿ ಬರಲಿಲ್ಲ. ಅದನ್ನು ಎತ್ತಿಕೊಂಡು ಹೋಗಬೇಕಾಯಿತು. ಪಟ್ಟಿಯಲ್ಲಿ ಆ ಮನೆಯ ಎದುರು, ಎಲ್ಲರೂ ಸಿಕ್ಕಿದರು, ಶೋಧ ಮುಗಿಯಿತು, ಎಂದು ಬರೆದಾಯಿತು. ಗುಡ್ಡ ಇನ್ನೂ ಜಾರಬಹುದೆಂದು ಪೊಲೀಸರು ಆ ಜಾಗಕ್ಕೆ ಅಡ್ಡಹಗ್ಗ ಕಟ್ಟಿದರು.

ಊರವರನ್ನು ಪಕ್ಕದ ದೊಡ್ಡ ಊರಿಗೆ ಕರೆದುಕೊಂಡು ಹೋದರು. ಮೇಲುಕೇರಿಯವರು ಶಾಲೆಯಲ್ಲಿ ಇಳಿದುಕೊಂಡರು. ಕೆಳಕೇರಿಯವರು ಹಾಸ್ಟೆಲಿನಲ್ಲಿ ಇಳಿದುಕೊಂಡರು. ಹಾಗೆ ಬೇರೆ ಬೇರೆ ಇರಿ ಎಂದು ಯಾವ ಅಧಿಕಾರಿಯೂ ಹೇಳಿರಲಿಲ್ಲ. ಜನ ಲಾರಿಯಿಂದ ಇಳಿದು ತಾವೇ ಹಾಗೆ ನಡೆದುಹೋದರು.

ಶನಿವಾರ ರೈತ ಕೇಳಿದ್ದುಂಟು. ನಾನು ಅವನ ಪರವಾಗಿ ಇದನ್ನು ಹೇಳಲೇಬೇಕು. ಅನ್ನ ಬಡಿಸುವವರನ್ನು, “ನಮ್ಮ ಚೆಲುವ ಎಲ್ಲಿ ಇಳ್ಕೊಂಡಿದ್ದಾನೆ?” ಎಂದು ಕೇಳಿದ. “ಅವರ ಕಡೆಯೋರೆಲ್ಲ ಹಾಸ್ಟೆಲ್‌ನಲ್ಲಿ ಅವರೆ” ಎಂದರು. ರೈತನಿಗೆ ಸಮಾಧಾನವಾಯಿತು. ತಾಯಿಯ ಕಾಲಿಗೆ ಕಟ್ಟು ಹಾಕಿಸಬೇಕಾಗಿತ್ತು, ಆಸ್ಪತ್ರೆಗೆ ಹೋದ. ಅವರು ಹೇಳಿದ್ದರಲ್ಲಿಯೂ ಸುಳ್ಳಿಲ್ಲ ನೋಡು. ಅವರ ಕಡೆಯವರೆಲ್ಲ ಅಲ್ಲಿಯೇ ಇದ್ದರು.

ಭಾನುವಾರ ಸಂಜೆ ಯಾರೋ ಒಂದು ಎಮ್ಮೆಯನ್ನು ಶಾಲೆಯ ಅಂಗಳಕ್ಕೆ ಹೊಡೆದುಕೊಂಡು ಬಂದರು. ರೈತನದೇ ಎಮ್ಮೆ. ಮೂರು ದಿನದಿಂದ ಕರೆಯದೆ ಕೆಚ್ಚಲು ಬಾತು ಕಲ್ಲಾಗಿತ್ತು. ಪಕ್ಕದ ಮನೆಯ ಹೆಂಗಸು ಚೆಂಬು ಹಿಡಿದು ಕೂತಳು. ಎಮ್ಮೆ ಒದ್ದ ಹೊಡೆತಕ್ಕೆ ಚೆಂಬು ಶಾಲೆಯ ಗೋಡೆಗೆ ಹೋಗಿ ಬಿತ್ತು.

ಚಾಪೆಯ ಮೇಲೆ ಮಲಗಿದ್ದ ಮುದುಕಿ ನಕ್ಕಳು. “ಅದು ನಿನ್ನಂಥೋಳ ಕೈಗೆಲ್ಲ ಬಗ್ತದೇನೇ? ಹೋಗಿ ಚೆಲುವನ್ನ ಕರ್ಕೊಂಡು ಬನ್ರೋ.”

ರೈತನ ತಮ್ಮ ಹಾಸ್ಟೆಲಿಗೆ ಹೋದ. ಹೋದವನ ಜೊತೆ ಕೆಳಕೇರಿಯ ಹಿರಿಯನೊಬ್ಬ ತಾನೇ ಬಂದ. ಅವನ ಹೆಸರು ಮಾಲಿಂಗಯ್ಯ.

“ಇದೇನು ಮಾತು ಗೌಡ್ರೇ, ಚೆಲುವ ನಮ್ಮ ಹತ್ರ ಯಾವಾಗ ಬಂದಿದ್ದ? ನಿಮ್ಮನೇಲೇ ಬೆಳೆದೋನು, ನಿಮ್ಮನೆಯೋರ ಜೊತೇಲೇ ಇರ್ತಾನೆ ಅಂತ ನಾವು ಸುಮ್ಮನಿದ್ದೋ. ಇಲ್ಲಿ ಇಲ್ವಾ?”

ರೈತ ಎಮ್ಮೆಯ ಕೊರಳನ್ನು ನೋಡುತ್ತಿದ್ದ. ಕೊರಳಲ್ಲಿ ಕಟ್ಟಿದ ಹಗ್ಗದ ತುಂಡು ನೇತಾಡುತ್ತಿತ್ತು. ಎಮ್ಮೆ ಕಿತ್ತುಕೊಂಡು ಬಂದಿದ್ದರೆ ಹಗ್ಗದ ತುದಿ ಎಳೆ ಎಳೆಯಾಗಿ ಬಿಟ್ಟುಕೊಂಡಿರಬೇಕಾಗಿತ್ತು. ಇದು ಹಾಗಿರಲಿಲ್ಲ. ಒಂದೇ ಏಟಿಗೆ ಕುಡುಗೋಲಿನಿಂದ ಕೊಯ್ದದ್ದಾಗಿತ್ತು. ಗುಡ್ಡದ ಸದ್ದು ಕೇಳಿ ಯಾರೋ ಮೊದಲು ಇದರ ಹಗ್ಗ ಕೊಯ್ದಿದ್ದಾರೆ. ಎರಡನೆಯ ಎಮ್ಮೆಯ ಹಗ್ಗಕ್ಕೆ ಕೈ ಹಾಕುವ ಹೊತ್ತಿಗೆ ಗುಡ್ಡ ಬಂದಿದೆ.

ರೈತ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಹಿಂದೆ ಮಾಲಿಂಗಯ್ಯ ಓಡಿದ, ತಮ್ಮ ಓಡಿದ. ಅಡ್ಡಹಗ್ಗದ ಹತ್ತಿರ ಪೊಲೀಸಿನವನು ತಡೆದ.

“ಮೇಲೆ ಇನ್ನೂ ಮಣ್ಣು ಜಾರ್ತಿದೆ. ಯಾರೂ ಹೋಗೋ ಹಾಗಿಲ್ಲ.”

“ಒಳಗೆ ಒಬ್ಬ ಇದ್ದಾನೆ ಸ್ವಾಮಿ.”

ಪೊಲೀಸಿನವನು ಪಟ್ಟಿ ತೆಗೆದು ನೋಡಿದ. “ಈ ಮನೇಲಿ ಎಲ್ಲರೂ ಸಿಕ್ಕಿದ್ದಾರಲ್ಲ. ಇನ್ಯಾರು?”

“ನಮ್ಮನೆಯೋನು ಸ್ವಾಮಿ” ಎಂದ ರೈತ.

“ಒಳಗೆ ಐದೇ ಜನ ಅಂತ ನೀವೇ ಹೇಳಿ ರುಜು ಹಾಕಿದ್ದೀರಲ್ರೀ.”

ರೈತ ಹಗ್ಗದ ಕೆಳಗೆ ನುಸುಳಲು ನೋಡಿದ. ಹಿಡಿದು ಕೂರಿಸಿದರು. ಪೊಲೀಸಿನವನೂ ಕಲ್ಲುಮನಸ್ಸಿನವನಲ್ಲ. ಆಗಲೇ ಫೋನು ಮಾಡಿದ. ಪಡೆಯವರು ಎರಡು ಊರು ಆಚೆ ಇದ್ದರು. ನಡುವಿನ ಸೇತುವೆ ಕೊಚ್ಚಿಹೋಗಿತ್ತು. ಬಳಸಿಕೊಂಡು ಬರಬೇಕು, ಬೆಳಕು ಹರಿಯದೆ ಆಗುವುದಿಲ್ಲ ಎಂದರು. ರೈತ ಅಡ್ಡಹಗ್ಗದ ಬಳಿಯೇ ಕುಳಿತು “ಚೆಲುವಾ, ಚೆಲುವಾ” ಎಂದು ಕೂಗಿದ. ಮಳೆಯಲ್ಲಿ ಅದು ಹತ್ತು ಮಾರು ದೂರ ಹೋಗಿದ್ದರೆ ಹೆಚ್ಚು.

ಸೋಮವಾರ ಬೆಳಿಗ್ಗೆ ಪಡೆಯವರು ಬಂದರು. ಅದೇ ನಾಯಕ, ಅದೇ ನಾಯಿ. ನಾಯಿಯನ್ನು ಬಿಟ್ಟ ಕೂಡಲೇ ಅದು ಶುಕ್ರವಾರ ನಿಂತಿದ್ದ ಜಾಗಕ್ಕೇ ಹೋಗಿ ನಿಂತಿತು. ನಾಯಕ ಅದರ ಮುಖ ನೋಡಲಾರದೆ ತಾನೇ ಸಲಿಕೆ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಚೆಲುವ ಸಿಕ್ಕ. ಮೇವು ಹಾಕುವ ಗೋದಲಿಯ ಮರದ ಹಲಗೆಯ ಕೆಳಗೆ, ಮೂಲೆಗೆ ಬೆನ್ನು ಕೊಟ್ಟು ಕುಳಿತಿದ್ದ. ಅವನ ಸುತ್ತ ಒಬ್ಬ ಮನುಷ್ಯ ಕೂರುವಷ್ಟು ಜಾಗ ಮಣ್ಣಿಲ್ಲದೆ ಉಳಿದಿತ್ತು. ಎರಡನೆಯ ಎಮ್ಮೆ ಪಕ್ಕದಲ್ಲಿ ಸತ್ತಿತ್ತು. ಅವನಿಗೂ ಜೀವ ಇರಲಿಲ್ಲ. ತೊಡೆಯ ಮೇಲೆ ಹಾಲಿನ ಪಾತ್ರೆ ಇತ್ತು. ಅದು ಖಾಲಿ. ಹಾಲು ಚೆಲ್ಲಿತ್ತೋ, ಅವನೇ ಕುಡಿದಿದ್ದನೋ, ನೋಡಿದವರಿಗೆ ಗೊತ್ತಾಗಲಿಲ್ಲ.

ಜನ ರೈತನ ಸುತ್ತ ನಿಂತು ಸಮಾಧಾನ ಹೇಳಿದರು. “ಗುಡ್ಡ ಬಂದ ಏಟಿಗೇ ಹೋಗವ್ನೆ ಬಿಡಿ. ಅವನಿಗೆ ಗೊತ್ತೂ ಆಗಿರಾಕಿಲ್ಲ” ಎಂದರು. ಮಾಲಿಂಗಯ್ಯನೂ ಅದನ್ನೇ ಹೇಳಿದ. ಹೇಳುವಾಗ ಅವನೂ ರೈತನ ಮುಖ ನೋಡಲಿಲ್ಲ. ಸರ್ಕಾರದ ಪಟ್ಟಿಯಲ್ಲಿ ಸತ್ತವರೆಲ್ಲರ ಎದುರು ಶುಕ್ರವಾರ ಎಂದೇ ಬರೆದಿದ್ದರು. ಚೆಲುವನ ಎದುರೂ ಅದನ್ನೇ ಬರೆದರು.

ರೈತನಿಗೆ ಪಟ್ಟಿ ಸಾಲಲಿಲ್ಲ. ಅವನು ಆಸ್ಪತ್ರೆಯ ಬಾಗಿಲಲ್ಲಿ ಸಂಜೆಯವರೆಗೆ ನಿಂತ. ಡಾಕ್ಟರು ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಕೈ ಮುಗಿದು ಒಂದೇ ಮಾತು ಕೇಳಿದ. “ಶುಕ್ರವಾರಾನೇ ಅಲ್ವಾ ಡಾಕ್ಟ್ರೇ?”

ಡಾಕ್ಟರು ಅವನ ಹೆಗಲ ಮೇಲೆ ಕೈ ಇಟ್ಟು, ಮೆಲ್ಲಗೆ ನಿಜ ಹೇಳಿದರು. ಅವರು ಹೇಳಿದ್ದನ್ನು ರೈತ ಹೆಂಡತಿಗೂ ಹೇಳಲಿಲ್ಲ, ತಾಯಿಗೂ ಹೇಳಲಿಲ್ಲ. ವರ್ಷ ತುಂಬುವ ಮೊದಲು ಇಲ್ಲಿಗೆ ಬಂದು ನನಗೆ ಹೇಳಿದ. ಚೆಲುವನಿಗೆ ವರ್ಷದ ಎಡೆ ಯಾವ ದಿನ ಇಡಬೇಕು ಎಂದು ಕೇಳಲು ಬಂದಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ವ್ರತದ ಮಾತು ಶಿಷ್ಯನ ಬಾಯಿಗೆ ಮತ್ತೆ ಬರಲಿಲ್ಲ. ರೈತನ ಪರವಾಗಿ ಬೇಡಿಕೊಳ್ಳುವವನಂತೆ ಹೇಳಿದ:

“ಗುಡ್ಡ ಬಿದ್ದ ಗಳಿಗೆಯಲ್ಲಿಯೇ ಅವನು ಸತ್ತಿದ್ದರೆ ರೈತನ ಉತ್ತರದಿಂದ ಏನೂ ಕೆಡಲಿಲ್ಲ ಗುರುಗಳೇ. ಇನ್ನೊಬ್ಬನಿದ್ದಾನೆ ಎಂದು ಅವತ್ತೇ ಹೇಳಿದ್ದರೂ ಸಿಗುತ್ತಿದ್ದದ್ದು ಹೆಣವೇ. ಅವನು ಸತ್ತದ್ದು ಯಾವ ದಿನ?”

ಗುರುಗಳು ಹೇಳಿದರು:

“ಶ್ರಾವಣ ಶುದ್ಧ ತ್ರಯೋದಶಿ, ಸೋಮವಾರ.”