ಎರಡು ಮುಖದ ಗಾಜು, ಒಂದೇ ಮುಖದ ಗುಡ್ಡಪ್ಪ

ನಗು ಬಂದರೆ ತಡಕೊಳ್ಳಬೇಡಿ, ನಕ್ಕುಬಿಡಿ. ಫಕೀರವ್ವನ ಎದುರಿಗೆ ಮಾತ್ರ ನಗಬೇಡಿ. ಪಾಪ, ಹೆತ್ತವಳು ಅವಳು.

ಬ್ಯಾಡಗಿಯಲ್ಲಿ ಈ ಫಕೀರವ್ವ ಮಹಾರುದ್ರಪ್ಪ ಸಾವ್ಕಾರರ ಕೋಲ್ಡ್ ಸ್ಟೋರೇಜಿನಲ್ಲಿ ಕಸ ಹೊಡೆಯುತ್ತಿದ್ದಳು. ಊರಿನ ಮೆಣಸಿನಕಾಯಿ ಚೀಲಗಳೆಲ್ಲ ಅಲ್ಲಿ ತಣ್ಣಗೆ ಮಲಗಿರುತ್ತಿದ್ದವು. ಅವಳಿಗೆ ಒಬ್ಬನೇ ಮಗ, ಗುಡ್ಡಪ್ಪ. ಆಳು ನೋಡಿದರೆ ಆರಡಿ. ಬುದ್ಧಿ ನೋಡೋಣ ಅಂದರೆ ಅದು ಕಣ್ಣಿಗೆ ಬೀಳಬೇಕಲ್ಲ! ಬಾಗಿಲು ನೋಡಿಕೊಂಡಿರು ಅಂದರೆ ಸಂಜೆತನಕ ಬಾಗಿಲನ್ನೇ ನೋಡುತ್ತಾ ಕೂತವನು ಅವನು. ಕಳ್ಳ ಬಂದು ತಾಮ್ರದ ಕೊಡ ಎತ್ತಿಕೊಂಡು ಹೋದರೂ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.

"ನಾ ಸತ್ತ ಮ್ಯಾಲೆ ನಿನ್ನ ಯಾರು ನೋಡ್ತಾರಲೇ?" ಅಂತ ಫಕೀರವ್ವ ಕಣ್ಣೀರು ಹಾಕುತ್ತಿದ್ದಳು.

"ಎಲ್ಲಾರೂ ನೋಡ್ತಾರ ಯವ್ವಾ. ನಾ ಎತ್ತರ ಅದೀನಿ."

ಆ ವರ್ಷ ಸಾವ್ಕಾರರು ಕರೆಂಟ್ ಬಿಲ್ಲಿಗೆ ಬೇಸತ್ತು ತಾರಸಿ ತುಂಬ ಸೋಲಾರ್ ಪ್ಯಾನೆಲ್ ಹಾಕಿಸಿದರು. ಅವು ಬೇರೆ ಥರದವು. ಮುಂದೂ ಗಾಜು, ಹಿಂದೂ ಗಾಜು. ಫಕೀರವ್ವ ಕೈಕಾಲು ಹಿಡಿದು ಅವುಗಳ ಚಾಕರಿಗೆ ಮಗನನ್ನು ಸೇರಿಸಿದಳು.

ಸಾವ್ಕಾರರು ಹೇಳಿದರು: "ನೋಡಲೇ ಗುಡ್ಡಪ್ಪ, ಇವಕ್ಕ ಎರಡು ಮುಖ. ಮ್ಯಾಲಿನ ಮುಖ ಸೂರ್ಯಾನ್ನ ನೋಡತೈತಿ. ಕೆಳಗಿನ ಮುಖ ತಾರಸಿಗೆ ಬಡಿದು ಪುಟಿಯೋ ಬೆಳಕು ಕುಡಿತೈತಿ. ದಿನಾ ಮುಂಜಾನೆ ಎರಡೂ ಮುಖ ತೊಳಿ."

"ಆತ್ರೀ ಸಾವ್ಕಾರ್ರ!"

ತೊಳೆದ. ಚೊಕ್ಕ ತೊಳೆದ. ಆದರೆ ಮಧ್ಯಾಹ್ನವಾದರೂ ಕರೆಂಟ್ ಅರೆಬರೆ. ಹತ್ತಿ ನೋಡಿದರೆ ಒಂದೊಂದು ಪ್ಯಾನೆಲ್ಲಿಗೂ ಹಿಂದೆ ಮುಂದೆ ದಪ್ಪ ದಪ್ಪ ವಿಭೂತಿ ಪಟ್ಟೆ!

"ಏನಲೇ ಇದು?" ಅಂದಳು ಫಕೀರವ್ವ.

"ಮುಖ ತೊಳದ ಮ್ಯಾಲೆ ವಿಭೂತಿ ಹಚ್ಚದ ಇರಬಾರದು ಅಂತ ನೀನ ಹೇಳಿದ್ಯಲ್ಲ ಯವ್ವಾ!"

"ಅಯ್ಯೋ ಪೆದ್ದ ನನಮಗನ! ಅವಕ್ಕ ಏನೂ ಹಚ್ಚಬಾರದು. ಬೆಳಕು ಬೀಳಬೇಕು, ನೆರಳು ಬೀಳಬಾರದು. ಯಾವುದರ ನೆರಳು ಬಿದ್ರೂ ಅದನ್ನ ಎತ್ತಿ ಕೆಳಗಿಟ್ಟು ಬಾ!"

"ಹಂಗ ಮಾಡ್ತೀನಿ ಯವ್ವಾ!"

ಮರುದಿನ ಸಾವ್ಕಾರರೇ ತಾರಸಿಗೆ ಬಂದರು. ಪ್ಯಾನೆಲ್ ಪಕ್ಕ ನಿಂತು, ಸೊಂಟದ ಮೇಲೆ ಕೈಯಿಟ್ಟು, ಖುಷಿಯಿಂದ ನೋಡಿದರು. ಅವರ ಹೊಟ್ಟೆಯ ನೆರಳು ಗಾಜಿನ ಮೇಲೆ ಬಿತ್ತು. ಗುಡ್ಡಪ್ಪ ಆ ಕಡೆ ನೋಡಿದ, ಈ ಕಡೆ ನೋಡಿದ. ಸಾವ್ಕಾರರನ್ನು ಚೀಲದಂತೆ ಹೆಗಲಿಗೇರಿಸಿ ಮೆಟ್ಟಿಲಿಳಿದೇಬಿಟ್ಟ!

"ಬಿಡಲೇ! ಏ ಬಿಡಲೇ! ಯಾರರೆ ಬರ್ರೋ!"

ಅಂಗಳದ ಮೆಣಸಿನಕಾಯಿ ರಾಶಿಯ ಮೇಲೆ ಮೆತ್ತಗೆ ಇಳಿಸಿ, ಗುಡ್ಡಪ್ಪ ಮತ್ತೆ ಮೇಲೆ ಹೋದ. ಸಾವ್ಕಾರರು ಸಂಜೆತನಕ ಸೀನುತ್ತಲೇ ಇದ್ದರು.

ಫಕೀರವ್ವ ಹಣೆ ಹಣೆ ಬಡಕೊಂಡಳು. "ಅನ್ನ ಕೊಡೋ ಧಣೀನ ಎತ್ತಿ ಒಗೀತಾರೇನಲೇ! ಇನ್ನ ನನ್ನ ಮಾತು ಬ್ಯಾಡ. ಸಾವ್ಕಾರ್ರು ಏನಂತಾರ ಅದನ್ನ ಮಾಡು. ಎದುರು ಮಾತು ಆಡಬ್ಯಾಡ, ಯಾಕ ಅಂತ ಕೇಳಬ್ಯಾಡ!"

"ಕೇಳಂಗಿಲ್ಲ ಯವ್ವಾ!"

ಬೆಳಿಗ್ಗೆ ಸಾವ್ಕಾರರು ದೂರದಲ್ಲೇ ನಿಂತು ಕೂಗಿದರು: "ತಾರಸಿ ಕಪ್ಪಾಗೇತಿ. ಬೆಳ್ಳಗಿದ್ರ ಬೆಳಕು ಚಲೋ ಪುಟೀತೈತಿ. ಪ್ಯಾನೆಲ್ ಕೆಳಗ ಏನೇನೈತಿ ಎಲ್ಲಾದಕ್ಕೂ ಸುಣ್ಣ ಹೊಡಿ!"

ಪ್ಯಾನೆಲ್ ಕೆಳಗೆ ತಾರಸಿ. ಸರಿ, ಹೊಡೆದ. ತಾರಸಿ ಕೆಳಗೆ? ಆಫೀಸು. ಅದಕ್ಕೂ ಹೊಡೆದ. ಗುಮಾಸ್ತರು ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು, ಅವರಿಗೂ ಒಂದು ಕೈ ಹೊಡೆದ. ಆಮೇಲೆ ಅಂಗಳ. ಅಲ್ಲಿತ್ತಲ್ಲ, ಕೆಂಪಗೆ ಕಣ್ಣು ಕುಕ್ಕುವ ರಾಶಿ! ಬಕೆಟ್ ಮೇಲೆ ಬಕೆಟ್ ಸುರಿದ. ಬ್ಯಾಡಗಿ ಹುಟ್ಟಿದಾಗಿನಿಂದ ಬಿಳಿ ಮೆಣಸಿನಕಾಯಿಯನ್ನು ಯಾರೂ ಕಂಡಿರಲಿಲ್ಲ, ಅವತ್ತು ಕಂಡರು.

"ತೊಲಗಲೇ! ಇನ್ನೊಮ್ಮೆ ನನಗ ಮುಖ ತೋರಸಬ್ಯಾಡ!" ಸಾವ್ಕಾರರು ಗುಡುಗಿದರು.

ಫಕೀರವ್ವ ಓಡಿ ಬಂದು ಕಾಲಿಗೆ ಬಿದ್ದಳು. ಸಾವ್ಕಾರರ ಕರುಳೂ ಕಲ್ಲಲ್ಲ. "ನಾಳೆ ಕರೆಂಟ್ ಸಾಹೇಬ್ರು ಹೊಸ ಮೀಟರ್ ಕೂಡಸಾಕ ಬರ್ತಾರ. ಪ್ಯಾನೆಲ್ ಕರೆಂಟ್ ಹೆಚ್ಚಾಗಿ ಮೀಟರ್ ಹಿಂದಕ್ಕ ಓಡಿದ್ರ ನೀವಿಬ್ಬರೂ ಇರ್ರಿ. ಓಡಲಿಲ್ಲ ಅಂದ್ರ ತಾಯಿ ಮಗ ಇಬ್ಬರೂ ಮನಿ ಹಾದಿ ಹಿಡೀರಿ!"

ಅವತ್ತು ಅವಳಿಗೆ ಊಟ ಸೇರಲಿಲ್ಲ. ಈ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ? ಮಗನ ಗಲ್ಲ ಹಿಡಿದು ಹೇಳಿದಳು: "ನನ್ನಪ್ಪಾ, ಕೇಳು. ಸಾವ್ಕಾರ್ರಿಗೆ ಮುಖ ತೋರಸಬ್ಯಾಡ. ಮೀಟರ್ ಒಂದು ಹಿಂದಕ್ಕ ಓಡಲಿ, ಸಾಕು. ಹಿಂದಕ್ಕ ಓಡಿದ್ರ ಬಿಲ್ ಇಳಿತೈತಿ. ಮುಂದಕ್ಕ ಓಡಿದ್ರ ಏರತೈತಿ. ನಮ್ಮ ಅನ್ನ ಅದರ ಮ್ಯಾಲೈತಿ."

"ಓಡಸ್ತೀನಿ ಯವ್ವಾ. ನೀ ಅಳಬ್ಯಾಡ."

ಮರುದಿನ ಸಾಹೇಬರು ಬಂದರು. ಹೊಸ ಮೀಟರನ್ನು ಡಬ್ಬಿಯಿಂದ ತೆಗೆದು ಮೇಜಿನ ಮೇಲಿಟ್ಟು, ಚಾ ಕುಡಿದು ತಿರುಗಿದರೆ, ಎಲ್ಲಿದೆ ಮೀಟರ್!

"ಅಲ್ನೋಡ್ರಿ! ಅಲ್ನೋಡ್ರಿ!" ಅಂತ ಹಮಾಲರು ಕೂಗಿದರು.

ಗುಡ್ಡಪ್ಪ ಮೀಟರನ್ನು ಎದೆಗವಚಿಕೊಂಡಿದ್ದ. ಮುಖದ ತುಂಬ ಟವೆಲ್ ಸುತ್ತಿಕೊಂಡಿದ್ದ. ಗೇಟು ದಾಟಿ ಮಾರ್ಕೆಟ್ ರಸ್ತೆಯಲ್ಲಿ ಹಿಂದುಹಿಂದಕ್ಕೆ ಓಡುತ್ತಿದ್ದ! ಎತ್ತುಗಳು ಬೆದರಿದವು, ಚಾದ ಗಾಡಿ ಉರುಳಿತು. ಅವನನ್ನು ಅಟ್ಟಿಸಿಕೊಂಡು ಸಾವ್ಕಾರರು, ಅವರ ಹಿಂದೆ ಸಾಹೇಬರು, ಸುಣ್ಣದ ಗುಮಾಸ್ತರು, ಎಲ್ಲರಿಗಿಂತ ಹಿಂದೆ ಏದುಸಿರು ಬಿಡುತ್ತಾ ಫಕೀರವ್ವ.

"ಯವ್ವಾ! ಮೀಟರ್ ಓಡಾಕತ್ತೈತಿ! ಹಿಂದಕ್ಕ ಓಡಾಕತ್ತೈತಿ! ನಮ್ಮ ಕೆಲಸ ಉಳೀತು!" ಅಂತ ಟವೆಲಿನ ಒಳಗಿಂದ ಅವನ ಕೂಗು.

"ಗುಡ್ಡಪ್ಪಾ! ನಿಂತ್ಕೊಳಲೇ! ಮುಂದಕ್ಕ ಬಾರಲೇ!" ಅಂತ ಕೈ ಮುಗಿದರು ಸಾವ್ಕಾರರು.

"ಬರಂಗಿಲ್ರೀ ಸಾವ್ಕಾರ್ರ! ಮುಂದಕ್ಕ ಬಂದ್ರ ನಿಮ್ಮ ಬಿಲ್ ಏರತೈತಿ!"