ಗಾಣಿಗನ ಹೆದರಿಕೆ

ಶಿಷ್ಯ ಕೇಳಿದ: "ಗುರುಗಳೇ, ನಮ್ಮ ರಾಜ್ಯದಲ್ಲಿ ಮುದುಕರಿಗೆ ಅರಮನೆಯಿಂದ ಅಕ್ಕಿ ಬರುತ್ತದೆ, ಔಷಧ ಬರುತ್ತದೆ. ಆದರೂ ಕೆಲವರು ಮುದುಕರಿರುವ ಮನೆಗಳಿಗೆ ಬರಿಗೈಯಲ್ಲಿ ಹೋಗಿ ಕೂರುತ್ತಾರೆ. ಅವರಿಂದ ಏನು ಪ್ರಯೋಜನ?"

ಗುರು ಹೇಳಿದ:

ಒಬ್ಬ ಗಾಣಿಗನಿದ್ದ. ಅವನ ತಾಯಿಗೆ ಮುಪ್ಪಿನ ಅರಳುಮರಳು ಹಿಡಿದಿತ್ತು. ಮಗನನ್ನೇ ಕಳ್ಳನೆಂದು ಕೂಗುತ್ತಿದ್ದಳು. ಇಡೀ ರಾತ್ರಿ ಕೂಗುತ್ತಿದ್ದಳು. ಗಾಣಿಗ ಅವಳನ್ನು ಮೀಯಿಸುತ್ತಿದ್ದ, ಉಣಿಸುತ್ತಿದ್ದ, ಬಟ್ಟೆ ಒಗೆಯುತ್ತಿದ್ದ. ಹೀಗೆ ನಾಲ್ಕು ವರ್ಷ ಕಳೆಯಿತು. ಪ್ರತಿ ತಿಂಗಳು ಅರಮನೆಯ ವೈದ್ಯ ಬಂದು ತಾಯಿಯ ನಾಡಿ ನೋಡಿ ಹೋಗುತ್ತಿದ್ದ. ಮಗನ ಮುಖವನ್ನು ಅವನು ಒಮ್ಮೆಯೂ ನೋಡಲಿಲ್ಲ.

ಒಂದು ಮಧ್ಯಾಹ್ನ ತಾಯಿ ಗಂಜಿಯನ್ನು ಅವನ ಮುಖಕ್ಕೆ ಉಗಿದಳು. ಗಾಣಿಗನ ಕೈ ಅವಳ ಬಾಯಿ, ಮೂಗು ಎರಡನ್ನೂ ಮುಚ್ಚಿತು. ಕೂಗು ನಿಂತಿತು. ಮನೆಯಲ್ಲಿ ಸದ್ದಿರಲಿಲ್ಲ. ಆ ಮೌನ ಅವನಿಗೆ ಹಿತವಾಗಿತ್ತು. ತಾಯಿಯ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಾಗ ಬೆಚ್ಚಿ ಕೈ ತೆಗೆದ. ಅವಳು ಉಸಿರೆಳೆದುಕೊಂಡಳು. ಅವನು ಹೊರಗೆ ಬಂದು ಬಾಗಿಲಿಗೆ ಚಿಲಕ ಹಾಕಿ ಜಗಲಿಯ ಮೇಲೆ ಕುಳಿತ.

ಆ ಊರಲ್ಲಿ ಹತ್ತಾರು ಮಂದಿ ಇದ್ದರು. ಮನೆಯ ಹಿರಿಯರನ್ನು ಕೊನೆಯವರೆಗೆ ನೋಡಿಕೊಂಡವರು. ಈಗ ಅಂಥದೇ ಮನೆಗಳಿಗೆ ತಾವಾಗಿ ಹೋಗಿ ಬರುತ್ತಿದ್ದರು. ಅವರಲ್ಲೊಬ್ಬಳು, ಒಬ್ಬ ಕುಂಬಾರಗಿತ್ತಿ, ಅವನನ್ನು ಕಂಡು ನಿಂತಳು.

"ಯಾಕಪ್ಪ ಹೊರಗೆ ಕೂತಿದ್ದೀಯ?"

"ಒಳಗೆ ಹೋಗಲು ಹೆದರಿಕೆ."

"ತಾಯಿಯನ್ನು ಕಂಡರೆ ಹೆದರಿಕೆಯೆ?"

"ಇಲ್ಲ. ನನ್ನನ್ನು ಕಂಡರೆ."

ನಡೆದದ್ದನ್ನು ಹೇಳಿದ. ಇವಳು ಈಗ ಊರವರನ್ನು ಕರೆಯುತ್ತಾಳೆ ಎಂದುಕೊಂಡ. ಅವಳು ಅವನ ಪಕ್ಕ ಕುಳಿತಳು. ಆಮೇಲೆ ಹೇಳಿದಳು: "ನನ್ನ ಅತ್ತೆಯನ್ನು ನಾನೊಮ್ಮೆ ಗೋಡೆಗೆ ನೂಕಿದ್ದೆ. ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಚಿಲಕ ತೆಗೆ. ನಿನ್ನ ತಾಯಿಯ ಹತ್ತಿರ ನಾನಿರುತ್ತೇನೆ. ನೀನು ಮಲಗು."

ಅವನು ಜಗಲಿಯ ಮೇಲೆಯೇ ಸಂಜೆಯವರೆಗೆ ನಿದ್ದೆ ಮಾಡಿದ. ಮರುದಿನದಿಂದ ಆ ಹತ್ತಾರು ಮಂದಿಯಲ್ಲಿ ಒಬ್ಬರಲ್ಲ ಒಬ್ಬರು ದಿನವೂ ಬಂದರು. ತಾಯಿ ಇನ್ನೂ ಎರಡು ವರ್ಷ ಬದುಕಿದಳು. ಕೊನೆಯ ದಿನವೂ ಮಗನನ್ನು ಕಳ್ಳನೆಂದೇ ಕರೆದಳು. ಅವಳಿಗೆ ಉಣಿಸುವಾಗೆಲ್ಲ ಗಾಣಿಗ ಒಳಗೊಳಗೇ ಹೆದರುತ್ತಿದ್ದ. ಆದರೆ ಆ ಹೆದರಿಕೆಯನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಯಾರಾದರೂ ಇರುತ್ತಿದ್ದರು.

ಶಿಷ್ಯ ಮುಖ ಕಿವಿಚಿ, "ಹೆತ್ತವಳ ಮೇಲೆ ಕೈ ಮಾಡಿದನಲ್ಲ, ಅವನೆಂಥ ಮಗ?" ಎಂದ.

ಗುರು ಕೇಳಿದ: "ನಿನ್ನ ತಾಯಿಯನ್ನು ನೋಡಿಕೊಳ್ಳುತ್ತಿರುವ ನಿನ್ನ ಅಕ್ಕನ ಜೊತೆ ಈಗ ಮನೆಯಲ್ಲಿ ಬೇರೆ ಯಾರಿದ್ದಾರೆ?"