ಹತ್ತನೇ ಮನೆಯ ಅಸ್ಥಿಪಂಜರ

ನಮ್ಮ ಆಫೀಸಿನ ಸೂಪರಿಂಟೆಂಡೆಂಟ್ ಶೇಷಗಿರಿಯಪ್ಪನವರು ಟ್ಯಾರೋ ಎಂಬ ಚಿತ್ರದ ಕಾರ್ಡುಗಳಿಂದ ಭವಿಷ್ಯ ಹೇಳುವುದನ್ನು ಕಲಿತ ಮೇಲೆ ರಜೆ ಅರ್ಜಿ ಓದುವುದನ್ನೇ ಬಿಟ್ಟರು. ಜಾತಕದ ಹನ್ನೆರಡು ಮನೆಗೆ ಹನ್ನೆರಡು ಕಾರ್ಡು ಹರಡುತ್ತಿದ್ದರು. ಕಾರ್ಡು ಒಪ್ಪಿದರೆ ರಜೆ, ಇಲ್ಲದಿದ್ದರೆ ಇಲ್ಲ.

ಗುಮಾಸ್ತ ಕರಿಬಸಪ್ಪ ತನ್ನ ಮದುವೆಗೇ ರಜೆ ಕೇಳಿದ. ಕಾರ್ಡು ಕಲಸಲು ಕೈ ಚಾಚಿದ.

"ಮುಟ್ಟಬೇಡ, ವಡೆ ತಿಂದ ಕೈ!" ಎಂದು ಗದರಿ ಸಾಹೇಬರು ತಾವೇ ಕಲಸಿ ಹರಡಿದರು. ಹತ್ತನೇ ಮನೆಗೆ ಕುದುರೆಯೇರಿದ ಅಸ್ಥಿಪಂಜರದ ಚಿತ್ರವಿದ್ದ ಸಾವಿನ ಕಾರ್ಡು ಬಂತು.

"ಹತ್ತನೇದು ಉದ್ಯೋಗದ ಮನೆ ಕಣಯ್ಯಾ. ರಜೆ ಹಾಕಿದರೆ ಕೆಲಸ ಹೋಯಿತು ಅಂತಲೇ ತಿಳಿ."

ಕರಿಬಸಪ್ಪ ಮೇಜಿನ ಮೇಲಿದ್ದ ಅವರದೇ ಟ್ಯಾರೋ ಪುಸ್ತಕದ ಮೊದಲ ಪುಟ ತೆರೆದ. "ಕಾರ್ಡು ಯಾರು ಕಲಸ್ತಾರೋ ಅವರದೇ ಭವಿಷ್ಯ ಬರುತ್ತೆ ಅಂತ ಇಲ್ಲಿದೆ ಸಾರ್. ಕಲಸಿದ್ದು ತಾವು."

ಸಾಹೇಬರು ಓದಿದರು. ಬರುವ ತಿಂಗಳು ಅವರಿಗೆ ಬಡ್ತಿ ಸಿಗಬೇಕಿತ್ತು.

"ಥೂ! ಇದೆಲ್ಲ ಬರೀ ರಟ್ಟಿನ ಚೂರು! ಇದನ್ನ ಯಾರಾದರೂ ನಂಬ್ತಾರಾ?"

"ನಾನಂತೂ ನಂಬಲ್ಲ ಸಾರ್," ಎಂದ ಕರಿಬಸಪ್ಪ, ರಜೆ ಅರ್ಜಿಯನ್ನು ಅಸ್ಥಿಪಂಜರದ ಮೇಲೆಯೇ ಇಟ್ಟು, ಮುಚ್ಚಳ ತೆಗೆದು ಪೆನ್ನು ಕೊಟ್ಟ.